ಮೆಟ್ಟಿಲು ಯಾರ ಪಾಲು?

ಪೇಟೆ ಬೀದಿಯಲ್ಲಿ ಗುಂಡಿ ಅಕ್ಕನನ್ನು ಅರಿಯದವರಿರಲಿಲ್ಲ. ಗುಂಡಿ ಅಂದರೆ ಅಂಗಿಯ ಗುಂಡಿ, ರಸ್ತೆಯ ಗುಂಡಿಯಲ್ಲ. ಆದರೆ ಎರಡನೆಯದೂ ಆ ಬೀದಿಯಲ್ಲಿ ಧಾರಾಳವಾಗಿದ್ದುದರಿಂದ ಹೊಸಬರಿಗೆ ಗೊಂದಲವಾಗುತ್ತಿತ್ತು. "ಗುಂಡಿ ಅಂಗಡಿ ಎಲ್ಲಿ?" ಎಂದು ಯಾರಾದರೂ ಕೇಳಿದರೆ, ಎದುರು ಸಾಲಿನಲ್ಲಿ ಬೀಗ ಮಾರುವ ಅಜ್ಜ, "ನಾಲ್ಕನೇ ಗುಂಡಿ ದಾಟಿದ ಮೇಲೆ ಎಡಕ್ಕೆ. ಐದನೇದರಲ್ಲಿ ಬೀಳಬೇಡಿ, ಅದು ಆಳ" ಎಂದು ದಾರಿ ಹೇಳುತ್ತಿದ್ದ.

ಅಂಗಡಿಯ ಅಗಲ ಹನ್ನೊಂದೇ ಅಡಿ. ಉದ್ದ ಮಾತ್ರ ಹಿಂದಿನ ಓಣಿಯವರೆಗೆ. ಗೋಡೆಗಳು ಒಂದು ಮೊಳಕ್ಕಿಂತ ದಪ್ಪ. ನೆಲದಿಂದ ಜಂತೆಯವರೆಗೆ ರಟ್ಟಿನ ಡಬ್ಬಿಗಳು, ಪ್ರತಿ ಡಬ್ಬಿಯ ಮೂತಿಗೂ ಮಾದರಿಗೆಂದು ಹೊಲಿದ ಒಂದೊಂದು ಗುಂಡಿ. ಚಿಪ್ಪಿನವು, ಕೊಂಬಿನವು, ಮರದವು, ಹಿತ್ತಾಳೆಯವು, ಗಾಜಿನವು. ಯಾರದೋ ಹಳೇ ಕೋಟಿನ ಒಂದೇ ಒಂದು ಗುಂಡಿ ಬಿದ್ದುಹೋಗಿದ್ದರೆ ಅಕ್ಕ ಉಳಿದವುಗಳನ್ನು ಹೆಬ್ಬೆರಳಲ್ಲಿ ಸವರಿ, ಕಣ್ಣು ಮುಚ್ಚಿಕೊಂಡೇ ಸರಿಯಾದ ಡಬ್ಬಿಗೆ ಕೈ ಹಾಕುತ್ತಿದ್ದಳು. ಹನ್ನೆರಡನೇ ವಯಸ್ಸಿನಿಂದ ಅಪ್ಪನ ಪಕ್ಕದಲ್ಲಿ ಕೂತು ಕಲಿತ ವಿದ್ಯೆ ಅದು. ಈಗ ಐವತ್ತಮೂರು. ವಿದ್ಯೆ ಬೆಳೆದಿತ್ತು, ಗಿರಾಕಿಗಳು ಕರಗಿದ್ದರು. ಊರಾಚೆ ಮಾಲ್ ಬಂದ ಮೇಲೆ ಜನ ಗುಂಡಿ ಬಿದ್ದರೆ ಅಂಗಿಯನ್ನೇ ಬಿಸಾಡಿ ಹೊಸದು ಕೊಳ್ಳುವುದನ್ನು ಕಲಿತಿದ್ದರು.

ಇಡೀ ಬೀದಿಯ ಗತಿಯೇ ಹಾಗಿತ್ತು. ಮೂವತ್ತೊಂದು ಕಟ್ಟಡಗಳು, ಎಲ್ಲವೂ ಮುತ್ತಾತಂದಿರ ಕಾಲದವು. ಕೆಳಗೆ ಅರ್ಧ ಮುಚ್ಚಿದ ಅಂಗಡಿಗಳು, ಮೇಲೆ ಪೂರ್ತಿ ಮುಚ್ಚಿದ ಮಹಡಿಗಳು, ನಡುವೆ ಹಾರನ್ ಹೊಡೆಯುತ್ತ ಅಂಗುಲ ಅಂಗುಲ ಸರಿಯುವ ಕಾರುಗಳು. ಆ ಕಾರುಗಳಲ್ಲಿ ಇದ್ದವರು ಯಾರೂ ಅಲ್ಲಿ ಇಳಿಯುತ್ತಿರಲಿಲ್ಲ. ಮಾಲ್‌ಗೆ ಹೋಗಲು ಅದು ಅಡ್ಡದಾರಿ, ಅಷ್ಟೇ.

ಅಕ್ಕನ ಅಂಗಡಿಯ ಮೇಲಿನ ಮಹಡಿಗೆ ಮಾತ್ರ ಬೇರೆ ಕಥೆ ಇತ್ತು. ಅದು ಅವಳ ತಮ್ಮನ ಪಾಲು.

ತಮ್ಮ ಟೈಲರ್. ಅಪ್ಪ ಸಾಯುವ ಮುಂಚೆ ವಿಲ್ ಬರೆದಿದ್ದ: ಕೆಳಗಿನ ಅಂಗಡಿ ಮಗಳಿಗೆ, ಮೇಲಿನ ಮಹಡಿ ಮಗನಿಗೆ. ಮೇಲೆ ಬಟ್ಟೆ ಹೊಲಿಯಲಿ, ಕೆಳಗಿಂದ ಗುಂಡಿ ಹೋಗಲಿ, ಮಕ್ಕಳು ಹಾಲುಜೇನಿನಂತೆ ಇರಲಿ ಎಂಬುದು ಅವನ ಲೆಕ್ಕಾಚಾರ. ಆದರೆ ಅಂಗಡಿಯ ಎಡಗೋಡೆಗೆ ಅಂಟಿಕೊಂಡು ಮೇಲಕ್ಕೆ ಹೋಗುವ ಹದಿನೇಳು ಮೆಟ್ಟಿಲು ಯಾರ ಪಾಲು ಅಂತ ಬರೆಯುವುದನ್ನು ಮರೆತಿದ್ದ. ಅಕ್ಕ ಮೆಟ್ಟಿಲಿಗೆ ಎರಡೆರಡರಂತೆ ಡಬ್ಬಿ ಜೋಡಿಸಿದಳು. ತಮ್ಮನ ಗಿರಾಕಿಗಳು ಒಂದೇ ಪಾದ ಇಡುವಷ್ಟು ಜಾಗದಲ್ಲಿ ಕೊಕ್ಕರೆಯಂತೆ ಹತ್ತಿಳಿದರು. ಒಂದು ದಿನ, ಮಗಳ ಮದುವೆಗೆ ಸೂಟು ಹೊಲಿಸಲು ಬಂದ ದಢೂತಿ ವಕೀಲರೊಬ್ಬರು ಇಳಿಯುವಾಗ ಕಾಲು ತಪ್ಪಿ, ಹದಿಮೂರನೇ ಮೆಟ್ಟಿಲಿನಿಂದ ಡಬ್ಬಿಗಳ ಸಮೇತ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಅವರಿಗೆ ಏನೂ ಆಗಲಿಲ್ಲ. ಆದರೆ ಸುಮಾರು ಐದು ಸಾವಿರ ಗುಂಡಿಗಳು ಬೆರೆತುಹೋದವು.

"ನಿನ್ನ ಗಿರಾಕಿಗೆ ಕಣ್ಣು ಕಾಣಲ್ವಾ?" ಎಂದಳು ಅಕ್ಕ.

"ನಿನ್ನ ಡಬ್ಬಿಗೆ ಬೇರೆ ಜಾಗ ಇಲ್ವಾ?" ಎಂದ ತಮ್ಮ.

ಮಾತಿಗೆ ಮಾತು ಬೆಳೆಯಿತು. ಆ ವಾರವೇ ತಮ್ಮ ಮಹಡಿಗೆ ಬೀಗ ಜಡಿದು, ಊರಾಚೆಯ ಮಾಲ್‌ನಲ್ಲಿ ಅಂಗಡಿ ಹಿಡಿದ. ಬೀಗವನ್ನು ಮಾರಿದ್ದು ಅಜ್ಜನೇ. ಅಕ್ಕನೂ ಬಿಡಲಿಲ್ಲ, ಮೆಟ್ಟಿಲ ಬುಡಕ್ಕೆ ಅಡ್ಡವಾಗಿ ಜಂತೆ ಮುಟ್ಟುವ ಕಪಾಟು ಹಾಕಿಸಿದಳು. ಹನ್ನೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಪಾಲಿಕೆಯಿಂದ ಒಬ್ಬಳು ಎಂಜಿನಿಯರ್ ಬಂದಳು. ಮೂವತ್ತೂ ತುಂಬದ ಹುಡುಗಿ, ಧೂಳು ಮೆತ್ತಿದ ಬೂಟು, ಕೈಯಲ್ಲಿ ಅಳತೆ ಯಂತ್ರ. ಗುಂಡಿ ಒತ್ತಿದರೆ ಅದರಿಂದ ಒಂದು ಕೆಂಪು ಚುಕ್ಕೆ ಹೊರಟು ಗೋಡೆಗೆ ಬೀಳುತ್ತಿತ್ತು. ಬೀದಿಯವರು ಒಂದೇ ದಿನದಲ್ಲಿ ಅವಳಿಗೆ ಅಳತೆ ಮೇಡಂ ಎಂದು ಹೆಸರಿಟ್ಟರು.

"ಮೇಲಿನ ಮಹಡಿಗೆ ಹೇಗೆ ಹೋಗೋದಕ್ಕಾ?" ಎಂದು ಕೇಳಿದಳು.

"ಹೋಗೋದಿಲ್ಲ."

"ಅಂದ್ರೆ?"

"ಅಂದ್ರೆ ಹೋಗೋದಿಲ್ಲ. ಹನ್ನೊಂದು ವರ್ಷದಿಂದ ಪಾರಿವಾಳ ಬಿಟ್ಟು ಯಾರೂ ಹೋಗಿಲ್ಲ. ಅವೂ ಕಿಟಕಿಯಿಂದ ಹೋಗ್ತವೆ."

ಅಳತೆ ಮೇಡಂ ನಕ್ಕು, ಸ್ಟೂಲಿನ ಮೇಲೆ ಕೂತು ವಿಷಯ ಬಿಡಿಸಿ ಹೇಳಿದಳು. ಬೀದಿಯನ್ನು ಮತ್ತೆ ಬದುಕಿಸುವ ಯೋಜನೆಯೊಂದು ಬಂದಿದೆ. ಕೆಡವಿ ಕಟ್ಟುವುದಲ್ಲ, ಇದ್ದದ್ದನ್ನು ಉಳಿಸಿಕೊಳ್ಳುವುದು. ಸಿಮೆಂಟ್ ಮೆತ್ತಿ ಉಸಿರು ಕಟ್ಟಿಸಿದ ಗೋಡೆಗಳಿಗೆ ಮತ್ತೆ ಸುಣ್ಣದ ಗಾರೆ. ಸಾಮಾನು ಗಾಡಿಗಳು ಬೆಳಿಗ್ಗೆ ಹತ್ತರೊಳಗೆ, ಆಮೇಲೆ ಬರೀ ಕಾಲ್ನಡಿಗೆ. ಖಾಲಿ ಮಹಡಿಗಳಲ್ಲಿ ಜನ ವಾಸಕ್ಕೋ ಕೆಲಸಕ್ಕೋ ಬರಬೇಕು. ಆಗ ಸಂಜೆ ಬೀದಿಯಲ್ಲಿ ದೀಪ ಇರುತ್ತೆ, ಕೆಳಗಿನ ಅಂಗಡಿಗೆ ವ್ಯಾಪಾರ ಇರುತ್ತೆ. ಆದರೆ ಮೂವತ್ತೊಂದರಲ್ಲಿ ಇಪ್ಪತ್ತನಾಲ್ಕು ಕಟ್ಟಡದವರಾದರೂ ಸಹಿ ಹಾಕಬೇಕು. ಒಂದು ಕಟ್ಟಡಕ್ಕೆ ಇಬ್ಬರು ಮಾಲೀಕರಿದ್ದರೆ ಇಬ್ಬರೂ ಹಾಕಬೇಕು.

"ಎಷ್ಟಾಗಿದೆ?"

"ಇಪ್ಪತ್ತಮೂರು."

ಉಳಿದ ಎಂಟರಲ್ಲಿ ಏಳು ಕಟ್ಟಡಗಳನ್ನು ಒಬ್ಬ ಬಿಲ್ಡರ್ ಆಗಲೇ ಕೊಂಡಿದ್ದ. ಯೋಜನೆ ಬಿದ್ದುಹೋದರೆ ಮಿಕ್ಕವನ್ನೂ ಕೊಂಡು ಕೆಡವಿ, ಎಂಟು ಮಹಡಿಯ ಪಾರ್ಕಿಂಗ್ ಕಟ್ಟಲು ಕಾಯುತ್ತಿದ್ದ. ಅಂದರೆ ಎಲ್ಲರ ಜುಟ್ಟೂ ಈಗ ಗುಂಡಿ ಅಕ್ಕನ ಕೈಯಲ್ಲಿತ್ತು.

"ನಾನು ಹಾಕ್ತೀನಿ. ಅವನನ್ನ ಕೇಳೋಕೆ ಮಾತ್ರ ನಾನು ಹೋಗಲ್ಲ," ಎಂದು ಅಕ್ಕ ಕಡ್ಡಿ ಮುರಿದಂತೆ ಹೇಳಿದಳು.

ಅಳತೆ ಮೇಡಂ ವಾದಿಸಲಿಲ್ಲ. ಕೆಂಪು ಚುಕ್ಕೆಯನ್ನು ಸುಮ್ಮನೆ ಜಂತೆಯ ಮೂಲೆಗೆ ಬಿಟ್ಟಳು. ಅಲ್ಲಿ ಹಸಿರುಗಟ್ಟಿದ ಒದ್ದೆ ಕಲೆಯಿತ್ತು. "ಮೇಲಿನ ಗೋಡೇಲಿ ಒಂದು ಗಿಡ ಬೇರು ಬಿಟ್ಟಿದೆ ಅಕ್ಕಾ, ರಸ್ತೆಯಿಂದಲೇ ಕಾಣುತ್ತೆ. ಇನ್ನೆರಡು ಮಳೆಗಾಲ. ಮೂರನೇದಕ್ಕೆ ಮೇಲಿನದು ತಾನಾಗೇ ಕೆಳಗೆ ಬರುತ್ತೆ. ಆಗ ಮೆಟ್ಟಿಲೇ ಬೇಕಾಗಲ್ಲ."

ಆ ವಾರ ಅಕ್ಕನಿಗೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟವಾಯಿತು. ಪಾತ್ರೆ ಅಂಗಡಿಯಾಕೆ ನಮಸ್ಕಾರದ ಜೊತೆಗೆ ನಿಟ್ಟುಸಿರು ಸೇರಿಸಿ ಕೊಟ್ಟಳು. ಪುಸ್ತಕಕ್ಕೆ ರಟ್ಟು ಹಾಕುವವ ದಿನಕ್ಕೆರಡು ಸಲ "ಏನಾಯ್ತು?" ಎಂದ. ಬೀಗದಜ್ಜ ನೇರವಾಗಿ ಬಂದು ಕೂತೇಬಿಟ್ಟ.

"ನನಗೇನು ಈ ಯೋಜನೆ ಮೇಲೆ ಪ್ರೀತಿ ಇಲ್ಲಮ್ಮ. ಕಾರು ನಿಲ್ಲಿಸಿದ್ರೆ ಗಿರಾಕಿ ಎಲ್ಲಿಂದ ಬರ್ತಾನೆ? ಆದ್ರೂ ಸಹಿ ಹಾಕಿದೆ. ಯಾಕೆ ಹೇಳು? ಪಾರ್ಕಿಂಗ್ ಕಟ್ಟಿದ್ರೆ ನಾನೇ ಇರಲ್ಲ. ಹೋಗಿ ಮಾತಾಡು. ಅವನು ನಿನ್ನ ತಮ್ಮ, ಹುಲಿ ಅಲ್ಲ."

"ಹುಲಿ ಆಗಿದ್ರೆ ಎಂದೋ ಹೋಗ್ತಿದ್ದೆ," ಎಂದಳು ಅಕ್ಕ.

ಆದರೂ ಮಂಗಳವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಬಸ್ಸು ಹಿಡಿದು ಮಾಲ್‌ಗೆ ಹೋದಳು. ತಾನಾಗಿ ಬಾಗಿಲು ತೆರೆದುಕೊಂಡದ್ದಕ್ಕೆ ಬೆಚ್ಚಿ, ಚಲಿಸುವ ಮೆಟ್ಟಿಲಿಗೆ ಹೆದರಿ, ವಿಚಾರಿಸಿ ವಿಚಾರಿಸಿ ತಳಮಹಡಿಗೆ ಇಳಿದಳು. ಕಾರು ತೊಳೆಯುವ ಜಾಗಕ್ಕೂ ಕಸದ ಕೋಣೆಗೂ ನಡುವೆ ತಮ್ಮನ ಅಂಗಡಿ ಸಿಕ್ಕಿತು. ಅಂಗಡಿ ಅನ್ನುವುದಕ್ಕಿಂತ ಗೂಡು. ಕಿಟಕಿಯಿಲ್ಲ. ಹಗಲಲ್ಲೂ ಬಿಳಿ ಟ್ಯೂಬ್‌ಲೈಟು. ಒಂದು ಕಾಲದಲ್ಲಿ ವಕೀಲರಿಗೆ ಸೂಟು ಹೊಲಿದವನು ಈಗ ಮಾಲ್‌ನಲ್ಲಿ ಕೊಂಡ ಪ್ಯಾಂಟುಗಳ ಕಾಲು ಗಿಡ್ಡ ಮಾಡುತ್ತ ಕೂತಿದ್ದ. ಕೂದಲು ನರೆತಿತ್ತು. ಕತ್ತು ಮಿಷನ್ನಿನ ಕಡೆಗೇ ಬಾಗಿ ನಿಂತುಬಿಟ್ಟಿತ್ತು. ಬೈಯಲೆಂದು ಅಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು.

ತಮ್ಮ ತಲೆಯೆತ್ತದೆಯೇ ಕೇಳಿದ: "ಏನು ಗಿಡ್ಡ ಮಾಡಬೇಕು?"

"ನನ್ನ ನಾಲಿಗೆ," ಎಂದಳು ಅಕ್ಕ. "ಆಗುತ್ತಾ?"

ಮಿಷನ್ನು ನಿಂತಿತು. ತಮ್ಮ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ. "ಆ ಬಟ್ಟೆಗೆ ಕತ್ತರಿ ಹಾಕೋ ಧೈರ್ಯ ನನಗಿಲ್ಲ," ಎಂದ. ಆಮೇಲೆ ಕೂತಿದ್ದ ಸ್ಟೂಲನ್ನೇ ಅವಳ ಕಡೆಗೆ ತಳ್ಳಿದ.

ಚಹಾ ತರಿಸಿದ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಅಕ್ಕ ಯೋಜನೆಯ ಕಾಗದ ಬಿಚ್ಚಿದಳು. ತಮ್ಮ ಮೇಜಿನ ಖಾನೆಯಿಂದ ಇನ್ನೊಂದು ಕಾಗದ ತೆಗೆದ. ಅದು ಬಿಲ್ಡರ್‌ನದು. ಮಹಡಿಯನ್ನು ಕೊಡುತ್ತೇನೆಂದು ಬಾಯಿಮಾತು ಆಡಿಯಾಗಿತ್ತು, ಸಹಿ ಒಂದು ಬಾಕಿ.

"ಅಪ್ಪ ಕೊಟ್ಟದ್ದನ್ನ ಪಾರ್ಕಿಂಗ್‌ಗೆ ಕೊಡ್ತೀಯಾ?"

"ಮತ್ತೇನು ಮಾಡಲಿ? ಹತ್ತೋಕೆ ಮೆಟ್ಟಿಲಿಲ್ಲದ ಮಹಡಿ ಇಟ್ಕೊಂಡು ಪೂಜೆ ಮಾಡ್ಲಾ?"

"ಮೆಟ್ಟಿಲು ಇಲ್ದೆ ಏನು, ಇದೆ!"

"ಇದೆ, ನಿನ್ನ ಕಪಾಟಿನ ಹಿಂದೆ!"

ಪ್ಯಾಂಟು ಹಿಡಿದು ನಿಂತಿದ್ದ ಮೂವರು ಗಿರಾಕಿಗಳು ಒಂದೊಂದು ಹೆಜ್ಜೆ ಹಿಂದೆ ಸರಿದರು. ಹನ್ನೊಂದು ವರ್ಷ ಹಿಡಿದಿಟ್ಟದ್ದೆಲ್ಲ ಆ ತಳಮಹಡಿಯಲ್ಲಿ ಹೊರಬಂತು. ವಕೀಲರು ಬಿದ್ದದ್ದು, ಅಪ್ಪನ ಕೊನೆಯ ಕಾಯಿಲೆಯಲ್ಲಿ ಯಾರು ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು ಎಂಬುದು, ಅಕ್ಕನ ಮಗಳ ಮದುವೆಗೆ ಅವನು ಬಾರದೆ ಇದ್ದದ್ದು, ಅವಳು ಕರೆಯಲು ಅಂಚೆಯಲ್ಲಿ ಕಾಗದ ಹಾಕಿದ್ದು. "ಸ್ವಂತ ತಮ್ಮನಿಗೆ ಅಂಚೇಲಿ ಕರೆಯೋಲೆ! ಪಾಲಿಕೆಯವರು ನೋಟೀಸ್ ಕಳಿಸ್ದಂಗೆ!" ಎಂದು ಅವನು ಕೂಗಿದಾಗ ಅಕ್ಕ ಎದ್ದು ಹೊರಟೇಬಿಟ್ಟಳು. ಯೋಜನೆಯ ಕಾಗದ ಅಲ್ಲೇ ಉಳಿಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಯೋಚಿಸಿದ್ದು ಒಂದೇ: ಅಂಚೆಯಲ್ಲಿ ಹಾಕಬಾರದಿತ್ತು. ಅದನ್ನು ಅವನಿಗೆ ಹೇಳಿಯೂ ಬರಲಿಲ್ಲವಲ್ಲ.

ಶುಕ್ರವಾರ ಫೋನ್ ಬಂತು. ತಮ್ಮನ ಹೆಂಡತಿ, ಪಿಸುದನಿಯಲ್ಲಿ.

"ಅತ್ತಿಗೆ, ನಾನು ಹೇಳ್ದೆ ಅಂತ ಹೇಳ್ಬೇಡಿ. ಇವರು ಮೂರು ದಿನದಿಂದ ನಿಮ್ಮ ಕಾಗದ ಓದ್ತಿದಾರೆ. ಬಿಲ್ಡರ್ ಕಾಗದ ಬಂದು ಎರಡು ತಿಂಗಳಾಯ್ತು, ಪೆನ್ನು ಸಿಗ್ತಿಲ್ಲ ಅಂತ ನೆವ ಹೇಳ್ತಿದಾರೆ. ಮನೇಲಿ ಒಂಬತ್ತು ಪೆನ್ನಿದೆ. ಭಾನುವಾರ ಕತ್ತರಿಸೋ ಮೇಜು ತರೋಕೆ ಅಂತ ಅಲ್ಲಿಗೆ ಬರ್ತಾರಂತೆ. ಬರೀ ಮೇಜಿಗೆ. ಬೇರೇನೂ ಇಲ್ಲವಂತೆ. ಕಪಾಟು ಸರಿಸಿಟ್ಟಿರಿ."

ಕಪಾಟು ಸರಿಸುವುದೆಂದರೆ ಹುಡುಗಾಟವೇ? ಅದರಲ್ಲೇ ಆರುನೂರು ಡಬ್ಬಿಗಳಿದ್ದವು. ಮೆಟ್ಟಿಲ ಮೇಲಿದ್ದವು ಬೇರೆ. ಅಂಗಡಿಯೊಳಗೆ ಇಡಲು ಜಾಗವಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ಒಂದೊಂದೇ ಡಬ್ಬಿ ತಂದು ರಸ್ತೆಬದಿಯ ಕಲ್ಲಿನ ಮೇಲೆ ಇಡತೊಡಗಿದಳು. ಪಾತ್ರೆ ಅಂಗಡಿಯಾಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ರಟ್ಟು ಹಾಕುವವ ಬಂದ. ಅಳತೆ ಮೇಡಂ ರಜೆಯ ದಿನವೂ ಬೂಟು ಹಾಕಿಕೊಂಡು ಹಾಜರಾದಳು. ಡಬ್ಬಿಗಳು ಕಲ್ಲಿನಿಂದ ಇಳಿದು ರಸ್ತೆಗೆ ಬಂದವು, ರಸ್ತೆಯ ಅಂಚಿನಿಂದ ನಡುವಿಗೆ ಬಂದವು. ಒಂಬತ್ತು ಗಂಟೆಗೆ ಮೊದಲ ಕಾರು ಬಂದು ಹಾರನ್ ಹೊಡೆಯಿತು.

"ಹಿಂದೆ ತಗೊಳ್ಳಪ್ಪಾ," ಎಂದ ಬೀಗದಜ್ಜ. "ಈ ದಾರಿ ಇವತ್ತು ತುಂಬಿದೆ."

ಕಾರುಗಳು ಹಿಂದಕ್ಕೆ ಹೋದವು. ಹಾರನ್ನು ನಿಂತ ಮೇಲೆ ಬೀದಿ ಎಷ್ಟು ಅಗಲವಿದೆಯೆಂದು ಮೊದಲ ಬಾರಿಗೆ ಎಲ್ಲರಿಗೂ ಕಂಡಿತು. ಬಸ್‌ನಿಲ್ದಾಣದ ಕಡೆ ಹೋಗುತ್ತಿದ್ದವರು ಇದೇನು ಸಂತೆಯೆಂದು ಇಣುಕಿದರು. ಇಣುಕಿದವರು ಬಗ್ಗಿದರು, ಬಗ್ಗಿದವರು ಮುಟ್ಟಿದರು. ಗಾಜಿನ ಗುಂಡಿಯೊಳಗೆ ಹೂವಿದೆಯೆಂದು ಒಂದು ಹೆಣ್ಣುಮಗು ಕೂಗಿತು. ಒಬ್ಬ ಮುದುಕರು ತಾವು ತೊಟ್ಟಿದ್ದ ಕೋಟನ್ನೇ ಕಳಚಿ, "ಇದಕ್ಕೆ ಸಿಗುತ್ತೇನಮ್ಮಾ? ಆರು ವರ್ಷದಿಂದ ಪಿನ್ನು ಹಾಕ್ಕೊಂಡಿದೀನಿ," ಎಂದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬ ಜನ. ಹಣ್ಣಿನ ಗಾಡಿಯವಳು ನಡುರಸ್ತೆಯಲ್ಲೇ ನಿಂತಳು. ಬೀಗದಜ್ಜ ಆ ದಿನ ಹದಿನಾಲ್ಕು ಬೀಗ ಮಾರಿದ. ಸಂಜೆ ಅಳತೆ ಮೇಡಂ ಹುಬ್ಬೇರಿಸಿ ನೋಡಿದಾಗ, "ಕಾರಲ್ಲಿ ಬರೋರಿಗಿಂತ ನಡೆದು ಬರೋರಿಗೆ ಕಳ್ಳರ ಭಯ ಜಾಸ್ತಿ ಅಂತ ಕಾಣುತ್ತೆ," ಎಂದು ಗೊಣಗಿದ.

ಈ ಗದ್ದಲದ ನಡುವೆ ತಮ್ಮ ಯಾವಾಗ ಬಂದನೋ ಅಕ್ಕ ನೋಡಲಿಲ್ಲ. ತಿರುಗಿದಾಗ ಮೆಟ್ಟಿಲ ಬುಡದಲ್ಲಿ ಕೀಲಿ ಹಿಡಿದು ನಿಂತಿದ್ದ.

"ಅಂಚೇಲಿ ಹಾಕಿದ್ದು ತಪ್ಪು," ಎಂದಳು ಅಕ್ಕ, ಬೇರೆ ಪೀಠಿಕೆಯಿಲ್ಲದೆ. "ನಾನೇ ಬಂದು ಕರೀಬೇಕಿತ್ತು."

ಅವನು ಕೀಲಿಯನ್ನು ಈ ಕೈಯಿಂದ ಆ ಕೈಗೆ ಮಾಡಿಕೊಂಡ. "ಕಾಗದ ಬಂದ್ರೂ ನಾನು ಬರಬಹುದಿತ್ತು. ಸೂಟು ಕೂಡ ಇಸ್ತ್ರಿ ಮಾಡಿಟ್ಟಿದ್ದೆ."

ಮೂವರೂ ಹತ್ತಿದರು. ಮುಂದೆ ತಮ್ಮ, ಹಿಂದೆ ಅಕ್ಕ, ಕೊನೆಗೆ ಅಳತೆ ಮೇಡಂ. ಬೀಗ ತುಕ್ಕು ಹಿಡಿದಿತ್ತು. ಅಜ್ಜನನ್ನು ಕೂಗಿ ಎಣ್ಣೆ ತರಿಸಬೇಕಾಯಿತು. ಒಳಗೆ ಪಾರಿವಾಳದ ಹಿಕ್ಕೆ, ಬಿರುಕುಬಿಟ್ಟ ಮೂಲೆ, ಅದರೊಳಗಿಂದ ತೊಡೆಯೆತ್ತರ ಬೆಳೆದು ನಿಂತ ಗಿಡ. ಕತ್ತರಿಸುವ ಮೇಜು ಮಾತ್ರ ಹೊದಿಸಿಟ್ಟ ಬಟ್ಟೆಯ ಕೆಳಗೆ ಹಾಗೇ ಇತ್ತು. ಹೊರಗೆ ಉರಿಬಿಸಿಲು, ಒಳಗೆ ಮಡಕೆಯ ನೀರಿನಂಥ ತಂಪು. ತಮ್ಮ ಬೀದಿಯ ಕಡೆಯ ಮೂರು ಕಿಟಕಿಗಳನ್ನೂ ಒಂದೊಂದಾಗಿ ತಳ್ಳಿ ತೆರೆದ. ಬೆಳಕು ಮೇಜಿನ ತುಂಬ ಬಿತ್ತು. ಅವನು ಅಂಗೈಯನ್ನು ಬೆಳಕಿನಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ತಳಮಹಡಿಯ ಟ್ಯೂಬ್‌ಲೈಟಿನಲ್ಲಿ ಹನ್ನೊಂದು ವರ್ಷ ಕಪ್ಪು ದಾರವನ್ನೂ ಕಡುನೀಲಿ ದಾರವನ್ನೂ ಬೇರೆ ಮಾಡಲು ತಿಣುಕಿದ ಮನುಷ್ಯ.

"ಮೇಜು ಒಯ್ಯೋಕೆ ಗಾಡಿ ತಂದಿದೀಯಾ?" ಎಂದು ಕೇಳಿದಳು ಅಕ್ಕ.

"ಇಲ್ಲ," ಎಂದ.

ಅಳತೆ ಮೇಡಂ ಗಂಟಲು ಸರಿಮಾಡಿಕೊಂಡಳು. ಅವಳ ಬಳಿ ಒಂದು ಕೆಟ್ಟ ಸುದ್ದಿಯಿತ್ತು. ಮಹಡಿಯಲ್ಲಿ ಜನ ಕೆಲಸ ಮಾಡಬೇಕೆಂದರೆ ಬೀದಿಯಿಂದ ನೇರ ಬಾಗಿಲು ಇರಲೇಬೇಕು, ಬೆಂಕಿ ಗಿಂಕಿ ಬಿದ್ದರೆ ಹೊರಗೆ ಓಡಲು. ಅಂದರೆ ಮೆಟ್ಟಿಲಿನ ಪಕ್ಕ ಗೋಡೆ ಎಬ್ಬಿಸಿ, ಅಂಗಡಿಯ ಮುಂಭಾಗದಲ್ಲಿ ಎಡಗಡೆ ಮೂರು ಅಡಿ ಬಿಟ್ಟುಕೊಡಬೇಕು. ಹನ್ನೊಂದರಲ್ಲಿ ಮೂರು.

ಅಕ್ಕ ಕೆಳಗಿಳಿದಳು. ಆ ಎಡಗಡೆ ಮೂರು ಅಡಿಯಲ್ಲೇ ಅವಳು ಕೂರುವ ಜಾಗ. ಮೊದಲು ಅಪ್ಪ ಕೂರುತ್ತಿದ್ದ, ಪಕ್ಕದ ಪೆಟ್ಟಿಗೆಯ ಮೇಲೆ ಅವಳು. ಬೆಳಗಿನ ಬಿಸಿಲು ಬೀಳುವುದೂ, ಬೀದಿಯ ಎರಡೂ ತುದಿ ಕಾಣುವುದೂ ಅಲ್ಲಿಂದ ಮಾತ್ರ. ಖಾಲಿಯಾದ ಅಂಗಡಿಯಲ್ಲಿ ಅವಳು ಆ ಕುರ್ಚಿಯ ಮೇಲೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು, ಕುರ್ಚಿಯನ್ನು ಎತ್ತಿ ಬಲಗೋಡೆಯ ಪಕ್ಕಕ್ಕಿಟ್ಟು, ಅಲ್ಲಿಯೂ ಕೂತು ನೋಡಿದಳು. ಬಿಸಿಲಿಲ್ಲ. ಒಂದು ತುದಿ ಮಾತ್ರ ಕಾಣುತ್ತದೆ. ಇರಲಿ, ಎಂದುಕೊಂಡಳು. ಇನ್ನೊಂದು ತುದಿಯಲ್ಲಿ ಏನಾಯಿತೆಂದು ಹೇಳಲು ಮೇಲೆ ಒಬ್ಬ ಇರುತ್ತಾನಲ್ಲ.

ತಮ್ಮ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದ. "ಅಕ್ಕಾ, ಮಹಡಿಯ ಹಿಂದಿನ ಕೋಣೆ ನನಗೆ ಬೇಡ," ಎಂದ. "ಒಣಗಿರೋ ಜಾಗ, ಗಾಳಿ ಆಡುತ್ತೆ. ನಿನ್ನ ಡಬ್ಬಿಗಳೆಲ್ಲ ಅಲ್ಲಿರಲಿ. ಇಲ್ಲಿ ಎಂಟು ಅಡಿ ಪೂರ್ತಿ ಗಿರಾಕಿಗೆ ಬಿಡು."

"ಬಾಡಿಗೆ ಕೇಳ್ತೀಯಾ?"

"ಕೇಳ್ತೀನಿ. ನಾನು ಹೊಲಿಯೋ ಬಟ್ಟೆಗೆಲ್ಲ ಗುಂಡಿ ನೀನೇ ಆರಿಸಿ ಕೊಡಬೇಕು. ಮಾಲ್‌ನಲ್ಲಿ ಸಿಗೋ ಪ್ಲಾಸ್ಟಿಕ್ ಗುಂಡಿ ಹಾಕಿ ಹಾಕಿ ನನ್ನ ಬೆರಳಿಗೇ ನಾಚಿಕೆಯಾಗಿದೆ."

ಪೆನ್ನು ಅಳತೆ ಮೇಡಂ ಕೊಟ್ಟಳು. ಅರ್ಜಿಯಲ್ಲಿ ಮೆಟ್ಟಿಲಿನ ಮಾಲೀಕರು ಯಾರು ಎಂಬ ಜಾಗಕ್ಕೆ ಬಂದಾಗ ಅಕ್ಕ "ಅವನದು ಅಂತ ಬರಿ" ಎಂದಳು, ತಮ್ಮ "ಅವಳದು" ಎಂದ, ದನಿ ಮತ್ತೆ ಏರತೊಡಗಿತು. ಅಳತೆ ಮೇಡಂ ಇಬ್ಬರನ್ನೂ ಕೇಳದೆ ಏನನ್ನೋ ಗೀಚಿ ಮೊಹರು ಒತ್ತಿಬಿಟ್ಟಳು. ಏನು ಬರೆದಳೆಂದು ಅವರು ಕೇಳಲಿಲ್ಲ.

ಎಲ್ಲ ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಸುಣ್ಣದ ಗಾರೆ ಕಲಸುವುದು ಗೊತ್ತಿದ್ದ ಕಾರ್ಮಿಕರನ್ನು ಹುಡುಕುವುದರಲ್ಲೇ ನಾಲ್ಕು ತಿಂಗಳು ಹೋಯಿತು. ನೀರಿನ ಪೈಪಿಗೆಂದು ಅಗೆದಾಗ ಬೀದಿಯೇ ಒಂದು ದೊಡ್ಡ ಗುಂಡಿಯಾಯಿತು. ಆಗ ಎಲ್ಲರೂ ಅಳತೆ ಮೇಡಂಗೆ ಹಿಡಿಶಾಪ ಹಾಕಿದರು. ರಟ್ಟು ಹಾಕುವವ ಅಷ್ಟು ದಿನ ತಾಳಲಾರದೆ ಮಗಳ ಊರಿಗೆ ಹೊರಟುಹೋದ. ಅವನ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಬಿಲ್ಡರ್ ತನ್ನ ಏಳು ಕಟ್ಟಡಗಳಲ್ಲಿ ಐದನ್ನು ಮಾರಿ ಬೇರೆ ಕಡೆ ಹೋದ. ಕಲ್ಲು ಹಾಸಿದ ಬೀದಿಯಲ್ಲಿ ಹತ್ತು ಗಂಟೆಯ ಮೇಲೆ ಕಾರಿಲ್ಲ. ಮಹಡಿಗಳಲ್ಲಿ ಬಟ್ಟೆಗಳು ಒಣಗುತ್ತವೆ, ಸಂಜೆ ಯಾರೋ ಹಾಡು ಕಲಿಯುತ್ತಾರೆ. ಬೆಂಚು ಹಾಕಿದ್ದಾರೆ. ತನ್ನ ಅಂಗಡಿಯ ಮುಂದಿನ ಬೆಂಚಿನಲ್ಲಿ ಜನ ಕೂತು ಹರಟುತ್ತಾರೆಯೇ ಹೊರತು ಬೀಗ ಕೊಳ್ಳುವುದಿಲ್ಲ ಎಂದು ಅಜ್ಜ ಪಾಲಿಕೆಗೆ ಎರಡು ಸಲ ದೂರು ಕೊಟ್ಟಿದ್ದಾನೆ. ದೂರು ಬರೆದದ್ದೂ ಅದೇ ಬೆಂಚಿನಲ್ಲಿ ಕೂತೇ.

ತಮ್ಮ ತಳಮಹಡಿಯ ಗೂಡು ಬಿಟ್ಟುಬಂದ. ಈಗ ಹೊಸ ಸೂಟಿಗಿಂತ ಹಳೆಯದನ್ನು ಬಿಚ್ಚಿ ಹೊಸ ಮೈಗೆ ಹೊಂದಿಸುವ ಕೆಲಸವೇ ಅವನಿಗೆ ಹೆಚ್ಚು. ಅಪ್ಪನ ಕೋಟು ಮಗನಿಗೆ, ಅಜ್ಜಿಯ ಸೀರೆ ಮೊಮ್ಮಗಳ ಅಂಗಿಗೆ. ಮೊದಲು ಮೇಲೆ ಹೋಗಿ ಅಳತೆ ಕೊಟ್ಟವರು ಆಮೇಲೆ ಕೆಳಗೆ ಬಂದು ಗುಂಡಿ ಆರಿಸುತ್ತಾರೆ. ತಮ್ಮನ ಕತ್ತು ಇನ್ನೂ ಸ್ವಲ್ಪ ಬಾಗಿಯೇ ಇದೆ, ಆದರೆ ಈಗ ಬಾಗುವುದು ಕಿಟಕಿಯ ಕಡೆಗೆ.

ಜಗಳ ನಿಂತಿದೆಯೇ ಎಂದರೆ, ಅದೆಲ್ಲಿ ನಿಲ್ಲುತ್ತದೆ? ಮೊನ್ನೆ ತಾನೇ ತಮ್ಮ ಕಿಟಕಿಯಿಂದ ಬಗ್ಗಿ, "ಅಕ್ಕಾ, ಕಂದು ಬಣ್ಣದ್ದು ಎಂಟು!" ಎಂದು ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಟ್ಟ. ಅಕ್ಕ ಬೂದು ಬಣ್ಣದ್ದು ಹಾಕಿ ಕಳಿಸಿದಳು. "ಕಂದು ಕೇಳಿದ್ದು ನಾನು!" ಎಂಬ ಕೂಗು ಬಂತು.

"ಆ ಬಟ್ಟೆ ನಾನು ನೋಡಿದೀನಿ. ಅದಕ್ಕೆ ಬೂದೇ ಒಪ್ಪೋದು. ಹೊಲಿ ಸುಮ್ನೆ!"

ಬೆಂಚಿನಲ್ಲಿ ಕೂತವರು ಕಿವಿ ನಿಮಿರಿಸಿದರು. ಮೇಲೆ ಕಿಟಕಿಯಲ್ಲಿದ್ದ ತಲೆ ಒಳಗೆ ಹೋಯಿತು. ಆಮೇಲೆ ಮಿಷನ್ನು ಓಡತೊಡಗಿತು.